ಬೋರೆಯ ಬಾಡಿಗೆ

ಪೇಟೆ ಬೀದಿಯ ಮನೆಯೊಂದನ್ನು ಬಳೆಗಾರ್ತಿ ಸೈದಾಬೀಗೆ ಮಾರುತ್ತೇನೆಂದು ಸಾವುಕಾರ ಕಲ್ಲೇಶಪ್ಪ ದುಡ್ಡು ತೆಗೆದುಕೊಂಡ. ಸಾಬರ ಹೆಂಗಸು ಬೇಡವೆಂದು ಬೀದಿಯವರು ಹೇಳಿದರು. ಮನೆ ಅವನಲ್ಲೇ ಉಳಿಯಿತು, ದುಡ್ಡೂ ಉಳಿಯಿತು. ಬದಲಿಗೆ ನ್ಯಾಮತಿಯ ಹೊರಗೆ ಹೊನ್ನಾಳಿ ರಸ್ತೆಯಲ್ಲಿದ್ದ ಕಲ್ಲುಬೋರೆಯನ್ನು ಅವಳ ಹೆಸರಿಗೆ ಬರೆದುಕೊಟ್ಟ.

“ಬೋರೆ ಅಂದ್ರೆ ಸುಮ್ನೆ ಅಲ್ಲ ಬೂಬಮ್ಮ,” ಎಂದ ದಲ್ಲಾಳಿ ಮಹೇಶ್ವರಪ್ಪ, ಅವಳನ್ನು ದಿಬ್ಬ ಹತ್ತಿಸುತ್ತ. “ಗಾಳಿ ಐತೆ, ಬೆಳಕೈತೆ. ನೆರೆಹೊರೆ ಕಾಟ ಇಲ್ಲ.”

“ನೆರೆಹೊರೇನೇ ಇಲ್ಲ.”

“ಅದೇ ನಾ ಹೇಳಿದ್ದು.”

ಬಾಡಿಗೆಗೆ ಕೊಡಲು ಏನು ಕೊಳ್ಳಬೇಕೆಂದು ಸೈದಾಬೀ ಬಹಳ ದಿನ ಯೋಚಿಸಿದ್ದಳು. ಬಳೆಯ ಮಲಾರ ಹೊತ್ತು ಸಾಸ್ವೆಹಳ್ಳಿಯವರೆಗೆ ತಿರುಗಿ ತಿರುಗಿ ಮಂಡಿಗಳು ಕೂತುಬಿಟ್ಟಿದ್ದವು. ಗಂಡ ಇರಲಿಲ್ಲ. ಮಗಳು ಆಮಿನಾಳ ಅತ್ತೆಮನೆಯಲ್ಲಿ ತಟ್ಟೆ ಹಿಡಿಯುವುದು ಬೇಡವಾಗಿತ್ತು. ಕೂತಲ್ಲಿಗೆ ನಾಲ್ಕು ಕಾಸು ಬರಬೇಕು, ಅಷ್ಟೆ. ಬಸ್ಸು ನಿಲ್ಲುವಲ್ಲಿನ ಅಂಗಡಿ ಕೊಂಡರೆ ಬಾಡಿಗೆಯವನು ಸತ್ತರೂ ಬಿಡುವುದಿಲ್ಲ. ಹತ್ತಿ ಗೋದಾಮು ಕೊಂಡರೆ ಸುಗ್ಗಿ ಮುಗಿದ ಮೇಲೆ ಇಲಿಗಳದೇ ಸಂಸಾರ. ಬಳೆ ತೊಡಿಸುವಾಗ ಹೆಂಗಸರ ಕೈ ಅವಳ ಕೈಯಲ್ಲಿರುತ್ತಿತ್ತು, ಮನೆಯ ಸಂಗತಿಯೆಲ್ಲ ತಾನಾಗಿ ಹೊರಗೆ ಬರುತ್ತಿತ್ತು. ಯಾವ ಬೀದಿಯಲ್ಲಿ ಕೈಮೇಲೆ ಕಾಸು ಇಡುತ್ತಾರೆ, ಯಾವ ಬೀದಿಯಲ್ಲಿ ನಾಳೆ ಬಾ ಅನ್ನುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆ ನೋಡಬಾರದು, ಬೀದಿ ನೋಡಬೇಕು ಎಂದು ತೀರ್ಮಾನಿಸಿ ಪೇಟೆ ಬೀದಿಯನ್ನು ಆರಿಸಿದ್ದಳು. ಬೀದಿಯೂ ಅವಳನ್ನು ನೋಡಿತು.

ಬೋರೆಗೆ ಬಂದ ಮೊದಲ ಬಾಡಿಗೆದಾರ ಕುರಿ ಕಾಯುವ ಬೀರಲಿಂಗಪ್ಪ. ಮಂದೆಯನ್ನು ಅಲ್ಲೇ ತರುಬಿ ಕೂಡಿಹಾಕಿ ನಾಲ್ಕು ದಿನ ಉಳಿದ. ಬಾಡಿಗೆ ಕೇಳೋಣವೆಂದು ಸೈದಾಬೀ ಹೋದರೆ ಅವನೇ ಕಂಬಳಿ ಒಡ್ಡಿದ.

“ಎಲ್ಲಿ ಕಾಳು?”

“ಯಾವ ಕಾಳು?”

“ಕುರಿ ತರುಬಿದ್ದಕ್ಕೆ. ಹೊಲ ತುಂಬ ಗೊಬ್ಬರ ಬಿದ್ದೈತೆ ನೋಡಬೇ. ಹೊಲದೋರು ನಮಗೆ ಕೊಡೋದು, ನಾವು ಕೊಡೋದಲ್ಲ.”

ಬಂಡೆಯ ಮೇಲೆ ಬಿದ್ದ ಹಿಕ್ಕೆಗೆ ಸೈದಾಬೀ ಎರಡು ಸೇರು ಜೋಳ ಅಳೆದುಕೊಟ್ಟಳು.

ಎರಡನೆಯವಳು ಚೌಡಮ್ಮ. ಪೇಟೆ ಬೀದಿಯನ್ನು ದಿನಾ ಗುಡಿಸುವವಳು ಅವಳೇ. ಗುಡಿಸಿ ಆದ ಮೇಲೆ ಆ ಬೀದಿಯಲ್ಲಿ ನಿಲ್ಲುವ ಹಾಗಿರಲಿಲ್ಲ. ಕೇರಿಯಲ್ಲಿ ಜಾಗ ಸಾಲದೆ ಬೋರೆಗೆ ಬಂದಿದ್ದಳು.

“ದುಡ್ಡಿಲ್ಲ ಬೂಬಮ್ಮ. ಅಲ್ಲೊಂದು ಹಾಳು ಬಾವಿ ಐತಲ್ಲ, ಹೂಳು ತೆಗೀತೀವಿ ನಾನೂ ನನ್ ಗಂಡನೂ. ಅದನ್ನೇ ಬಾಡಿಗೆ ಅನ್ಕ.”

ಬೇಸಿಗೆಯೆಲ್ಲ ತೆಗೆದರು. ಮಣ್ಣು ಹೊರುವವರು ಉಪವಾಸ ಇರಬಾರದೆಂದು ಸೈದಾಬೀ ರೊಟ್ಟಿ ತಂದುಕೊಟ್ಟಳು. ಬಾಡಿಗೆದಾರರಿಗೆ ಮಾಲೀಕರೇ ಊಟ ಹಾಕುವ ಪದ್ಧತಿ ಈ ತಾಲ್ಲೂಕಿನಲ್ಲಿ ಬೂಬಮ್ಮನಿಂದ ಶುರುವಾಯಿತೆಂದು ಮಹೇಶ್ವರಪ್ಪ ಹೋಟೆಲಿನಲ್ಲಿ ಕೂತು ಹೇಳಿ ನಗಿಸಿದ. ನೀರೇನೋ ಬಂತು, ಸಿಹಿನೀರು. ಬಾವಿಯ ಮಗ್ಗುಲಲ್ಲೇ ಚೌಡಮ್ಮ ಗುಡಿಸಲು ಹಾಕಿಕೊಂಡಳು.

ಆ ವರ್ಷದ ಮಾಗಿಯಲ್ಲಿ ಪೇಟೆ ಬೀದಿಯಲ್ಲಿ ಇಲಿ ಬಿದ್ದವು. ಮೊದಲು ಬಿದ್ದದ್ದು ಕಲ್ಲೇಶಪ್ಪನ ಅಟ್ಟದಿಂದ, ಅವನ ತಟ್ಟೆಯ ಪಕ್ಕಕ್ಕೆ. ಪ್ಲೇಗು ಬಂದಿದೆ, ಎಲ್ಲರೂ ಊರು ಬಿಡಬೇಕೆಂದು ಡಂಗುರ ಹೊಡೆಸಿದರು. ಊರ ಹೊರಗೆ ಗುಡಿಸಲು ಹಾಕಿಕೊಳ್ಳಲು ಗಾಳಿಯೂ ನೀರೂ ಇರುವ ಜಾಗ ಒಂದೇ ಇತ್ತು.

ಬೆಳಗಾಗುವಷ್ಟರಲ್ಲಿ ಗಾಡಿಗಳು ಬೋರೆ ಹತ್ತಿದವು. ತಟ್ಟಿ, ಗಳ, ತೊಟ್ಟಿಲು, ಬೀಸುಕಲ್ಲು, ಎಲ್ಲದರ ಮೇಲೆ ಅಜ್ಜಂದಿರು. ಕಲ್ಲೇಶಪ್ಪ ಹಗ್ಗ ಹಿಡಿದು ಬಂಡೆಯ ಮೇಲೆ ಬೀದಿ ಅಳೆಯತೊಡಗಿದ. ಇದು ಪೇಟೆ ಬೀದಿ, ಇದು ಗುಡಿ ಬೀದಿ. ಇನ್ನೂ ಇಲ್ಲದ ಮೂಲೆಮನೆಗಾಗಿ ಇಬ್ಬರು ವರ್ತಕರು ಜಗಳ ಶುರುಮಾಡಿದರು. ಮಹೇಶ್ವರಪ್ಪ ನಡುವೆ ನಿಂತು ಇಬ್ಬರಿಂದಲೂ ದಲ್ಲಾಳಿ ದುಡ್ಡು ಕೇಳಿದ.

ಸೈದಾಬೀ ಕಾಲು ಚಾಚಿ ಬಂಡೆಯ ಮೇಲೆ ಕೂತಿದ್ದಳು. ಅಷ್ಟು ಗಾಡಿಗಳನ್ನು ನೋಡುತ್ತ ಅವಳ ಮಂಡಿನೋವು ಅರ್ಧ ಇಳಿದಿತ್ತು. ಇವರೆಲ್ಲ ಮಳೆಗಾಲದವರೆಗೆ ಉಳಿದರೆ ಅವಳು ಮತ್ತೆ ಮಲಾರ ಹೊರಬೇಕಾಗಿರಲಿಲ್ಲ.

“ಸೈದಾಬೀ ಅವ್ರೇ,” ಎಂದು ಕಲ್ಲೇಶಪ್ಪ ಬಂದ. ಅವನ ಬಾಯಲ್ಲಿ ‘ಅವ್ರು’ ಇದೇ ಮೊದಲು. “ಈ ಬೀದಿ ಬಾಡಿಗೆ ಪೂರಾ ಮುಂಗಡ ನಾನೇ ಕೊಡ್ತೀನಿ. ಒಂದೇ ಮಾತು. ಬಾವಿ ಮಗ್ಗುಲ ಆ ಗುಡ್ಲು. ಅದನ್ನ ಹಳ್ಳದ ಆಕಡೆ ಹಾಕ್ಕಳಾಕೆ ಹೇಳ್ರಿ. ಬಾವಿಗೆ ಅಯ್ನೋರ್ನ ಕರೆಸಿ ಶುದ್ಧಿ ಮಾಡಿಸ್ತೀನಿ, ಖರ್ಚು ನಂದು.”

“ಬಾವಿ ತೋಡಿದ್ದೇ ಆಕಿ ರೀ.”

“ತೋಡ್ಲಿ. ತೋಡಿದೋರೆಲ್ಲ ಕುಡಿಯಾಕೆ ಆಗ್ತದಾ?”

“ಬೀದಿ ಆಮೇಲೆ ಮಾಡ್ಕಳ್ರಿ,” ಎಂದಳು ಅವನ ಹೆಂಡತಿ ತಿಪ್ಪಮ್ಮ ಗಾಡಿಯೊಳಗಿಂದ. “ನಿಮ್ಮ ಹಗ್ಗ ಮುಗಿಯಷ್ಟೊತ್ತಿಗೆ ನಾವೂ ಅಟ್ಟದ ಇಲಿ ಬಿದ್ದಂಗೆ ಬೀಳ್ತೀವಿ. ಕೂಸಿಗೆ ನೀರು ಬೇಕು.”

“ನೀನು ಸುಮ್ಕಿರು. ಬೂಬಮ್ಮ, ಇಲ್ಲಾಂದ್ರೆ ನಾವು ಸಾಸ್ವೆಹಳ್ಳಿ ಕಡೆ ಹೋಗ್ತೀವಿ. ಒಂದು ಗಾಡಿ ಇಲ್ಲಿ ನಿಲ್ಲಲ್ಲ. ನಿನ್ನ ಬೋರೆ ಬೋರೆನೇ ಆಗ್ತೈತೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಮುಂದಿನ ಗಾಡಿಯವನು ಆಗಲೇ ಎತ್ತಿನ ಮೂಗುದಾರ ಹಿಡಿದು ತಿರುಗಿಸಲು ನಿಂತಿದ್ದ. ಬಾವಿಯ ಬಳಿ ಚೌಡಮ್ಮ ಯಾರ ಮಾತಿಗೂ ಕಾಯಲಿಲ್ಲ. ಕೊಡ ಕೆಳಗಿಟ್ಟು, ಗುಡಿಸಲ ಮೇಲಿನ ಸೋಗೆಯನ್ನು ಒಂದೊಂದಾಗಿ ಎಳೆಯತೊಡಗಿದ್ದಳು.

“ಚೌಡೀ,” ಎಂದು ಸೈದಾಬೀ ಕೂಗಿದಳು. “ಅದನ್ನ ಯಾಕೆ ಕೀಳ್ತೀಯ? ಬಿಡು.”

ಚೌಡಮ್ಮನ ಕೈ ನಿಂತಿತು.

“ಏಳ್ರಿ,” ಎಂದ ಕಲ್ಲೇಶಪ್ಪ. “ಎದ್ದು ಹೋಗಿ ಆಕಿಗೆ ಹೇಳ್ರಿ. ಎಲ್ಲರೂ ಕಾಯ್ತಾ ಅವ್ರೆ.”

ಎತ್ತುಗಳು ನೀರಿನ ವಾಸನೆ ಹಿಡಿದು ಬಾವಿಯ ಕಡೆಗೆ ಕತ್ತು ಚಾಚಿದ್ದವು. ಗಾಡಿಯಲ್ಲಿ ಕೂಸು ಅಳುತ್ತಿತ್ತು. ಸೈದಾಬೀ ಮಂಡಿಯ ಮೇಲೆ ಸೆರಗು ಎಳೆದುಕೊಂಡಳು.

“ನಾನು ಏಳಲ್ಲ,” ಎಂದಳು.