ಯಜಮಾನಿ ಒಪ್ಪದ ನೆಲ

ಭಾವ ತೀರ್ಮಾನ ಹೇಳುವಾಗ ಅವರ ಕೈಯಲ್ಲಿ ಒದ್ದೆಯಾದ ಕಾಲುಚೀಲವಿತ್ತು. ಬಾಗಿಲ ಬಳಿಯ ಮ್ಯಾಟಿನ ಮೇಲೆ ಕಾಲಿಟ್ಟ ಕೂಡಲೇ ಅದು ನೀರಲ್ಲ ಎಂದು ತಿಳಿದಿತ್ತು. ಭಾನುವಾರ ಸಗಟು ವ್ಯಾಪಾರಿ ಸರಕು ನೋಡಲು ಬರುತ್ತಾರೆ, ಹೋಗುವಾಗ ಅವರ ವ್ಯಾನಿನಲ್ಲೇ ಬೆಕ್ಕನ್ನೂ ಕಳಿಸಿಬಿಡುವುದು, ಅವರ ಗೋದಾಮಿನಲ್ಲಿ ಇಲಿ ಹಿಡಿದುಕೊಂಡು ಬದುಕಿಕೊಳ್ಳಲಿ ಎಂದರು. ಆ ಗೋದಾಮಿನಲ್ಲಿ ಕಾವಲಿಗೆ ನಾಯಿಗಳಿವೆ ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮನೆಯಲ್ಲಿ ನಾವು ನಾಲ್ಕು ಜನ. ನನ್ನ ಗಂಡನ ಅಣ್ಣ, ಅಂದರೆ ಭಾವ, ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ, ನನ್ನವರು, ನಾನು. ಬೆಕ್ಕು ನನ್ನ ಜೊತೆಗೇ ಈ ಮನೆಗೆ ಬಂದದ್ದು. ಮದುವೆಯ ಮಾತುಕತೆಯಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ, ಭಾವ ಆಗ ನಗುತ್ತ ಆಗಲಿ ಎಂದಿದ್ದರು. ಬಂದ ವಾರದಲ್ಲೇ ಅದು ಮನೆಯ ಮೆತ್ತನೆಯ ದಿಂಬುಗಳನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಂಡಿತು. ಅಕ್ಕ ಅದಕ್ಕೆ ಯಜಮಾನಿ ಎಂದು ಹೆಸರಿಟ್ಟರು. ಆಡುವ ಮಾತೆಲ್ಲ ಒಳಗೇ ಇಟ್ಟುಕೊಳ್ಳುವ ನನಗೆ ಭಾವ ಇಟ್ಟ ಹೆಸರು ಮೌನಗೌರಿ.

ನಮ್ಮ ಹೊಟ್ಟೆಪಾಡು ನೆಲ ಒರೆಸುವ ದ್ರಾವಣ. ಮನೆಯ ಹಿಂದೆ ತಗಡಿನ ಮಾಡಿನ ಒಂದು ಉದ್ದ ಕೋಣೆ, ಅದರಲ್ಲಿ ನೀಲಿ ಡ್ರಮ್ಮುಗಳ ಸಾಲು. ಭಾವ ಅಳತೆ ಹಾಕುತ್ತಾರೆ, ನನ್ನವರು ಮರದ ಕೋಲಿನಿಂದ ಕಲಕುತ್ತಾರೆ, ಅಕ್ಕ ಮತ್ತು ನಾನು ಆಲಿಕೆ ಇಟ್ಟು ಬಾಟಲಿ ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸುತ್ತೇವೆ. ‘ದುರ್ವಾಸನೆಗೆ ಇಲ್ಲಿ ಜಾಗವಿಲ್ಲ’ ಎಂದು ಚೀಟಿಯ ಮೇಲೆ ಹಸಿರು ಅಕ್ಷರ. ಆ ಸಾಲು ಭಾವ ತಾವೇ ಕಟ್ಟಿದ್ದು, ಅದರ ಬಗ್ಗೆ ಅವರಿಗೆ ತುಂಬ ಅಭಿಮಾನ.

ಕೆಲವು ತಿಂಗಳ ಹಿಂದೆ ಭಾವ ಪೇಟೆಯಿಂದ ಒಂದು ಹೊಸ ಕ್ಯಾನು ತಂದರು. ಅಮೋನಿಯಾ. ಇದು ಸ್ವಲ್ಪ ಬಿದ್ದರೆ ಸಾಕು, ಎಂಥ ಜಿಡ್ಡೂ ಎದ್ದು ಓಡುತ್ತದೆ ಎಂದರು. ಸುರಿಯುವಾಗ ಕಣ್ಣು ಉರಿದು ನಾವೆಲ್ಲ ಅಂಗಳಕ್ಕೆ ಓಡಿದೆವು. ಆಮೇಲೆ ನಿಂಬೆಯ ಪರಿಮಳದ ಎಣ್ಣೆ ಹಾಕಿದ ಮೇಲೆ ಕೋಣೆ ತೋಟದ ಹಾಗೆ ಘಮಘಮಿಸಿತು. ನೆಲ ನಿಜವಾಗಿಯೂ ಕನ್ನಡಿಯಾಯಿತು, ಬಾಟಲಿಗಳು ನಿಲ್ಲದೆ ಖರ್ಚಾದವು. ಭಾವನ ಪ್ರಕಾರ ನಮ್ಮ ಮನೆಯೇ ನಮ್ಮ ಜಾಹೀರಾತು. ಬಂದ ಅಂಗಡಿಯವನು ಮೊದಲು ನೆಲ ನೋಡಬೇಕು, ಆಮೇಲೆ ಬಾಟಲಿ ನೋಡಬೇಕು. ಹಾಗಾಗಿ ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಮತ್ತೊಂದು ಸಲ ನಾನು ಆ ದ್ರಾವಣದಲ್ಲೇ ಮನೆಯೆಲ್ಲ ಒರೆಸುತ್ತಿದ್ದೆ.

ಯಜಮಾನಿ ಕೆಟ್ಟದ್ದು ಆಗಲೇ. ತನ್ನ ಮರಳಿನ ಟ್ರೇ ಬಿಟ್ಟು ಆಚೆ ಈಚೆ ಹೋಗದಿದ್ದ ಪ್ರಾಣಿ ಮೊದಲು ಹೊಸ್ತಿಲ ಪಕ್ಕ ಉಚ್ಚೆ ಮಾಡಿತು, ಆಮೇಲೆ ಬೀರುವಿನ ಕೆಳಗೆ, ಆಮೇಲೆ ಅಕ್ಕ ಮಡಚಿಟ್ಟ ಸೀರೆಯ ಪಕ್ಕದ ನೆಲದ ಮೇಲೆ. ಅದು ಮಾಡಿದಲ್ಲೆಲ್ಲ ನಾನು ಬಾಟಲಿ ಬಗ್ಗಿಸಿ ಎರಡರಷ್ಟು ಸುರಿದು ತಿಕ್ಕುತ್ತಿದ್ದೆ. ಟ್ರೇಯನ್ನೂ ಅದರಲ್ಲೇ ತೊಳೆಯುತ್ತಿದ್ದೆ. ಮರುದಿನ ಮತ್ತೆ ಅದೇ ಜಾಗ. ಹೊಟ್ಟೆಕಿಚ್ಚು ಎಂದು ಭಾವ ಹೇಳಿದರು, ವಯಸ್ಸಾಯಿತೇನೋ ಎಂದು ಅಕ್ಕ. ಅಣ್ಣನ ಮುಂದೆ ನನ್ನವರ ಬಾಯಿಗೆ ಬೀಗ, ಬೀಗದ ಕೈ ಅಣ್ಣನ ಜೇಬಿನಲ್ಲಿ.

ಕಾಯಿಲೆಯಿರಬಹುದೆಂದು ನಾನು ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯೆಯ ಬಳಿ ಹೋದೆ. ಅವರು ಹೊಟ್ಟೆ ಒತ್ತಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಕಲ್ಲಿಲ್ಲ, ಸೋಂಕಿಲ್ಲ, ಮನೆಯಲ್ಲಿ ಏನೋ ಅವಳಿಗೆ ಸರಿಬರುತ್ತಿಲ್ಲ, ಏನು ಬದಲಾಗಿದೆ ಎಂದು ಯೋಚಿಸಿ ನೋಡಿ ಎಂದರು. ಆ ಮಾತನ್ನು ಮನೆಗೆ ತಂದು ಹೇಳಿದಾಗ ಭಾವ ಮೂಗು ಮುರಿದರು.

“ಸರಿಬರಲಿಲ್ಲ ಅಂತ ಮುನಿಸ್ಕೊಳ್ಳೋಕೆ ಅವಳೇನು ಈ ಮನೆ ಅಳಿಯನಾ?”

ಎಲ್ಲರೂ ನಕ್ಕರು. ನನಗೂ ನಗು ಬಂತು. ಅದಾದ ಮೇಲೆ ಕಾಲುಚೀಲದ ಪ್ರಸಂಗ ನಡೆದದ್ದು, ಭಾನುವಾರದ ತೀರ್ಮಾನವಾದದ್ದು.

ಶುಕ್ರವಾರ ಮಧ್ಯಾಹ್ನ ನಾನು ಕೆಲಸಕ್ಕೆ ಹೋಗದೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತೆ. ನನ್ನ ಅಪ್ಪ ದಿನವೂ ಗಟ್ಟಿಯಾಗಿ ಪದ್ಯ ಓದುತ್ತಿದ್ದರು, ಕೇಳುವವಳು ನಾನು. ಸಾಲು ಮುಗಿಯುವ ಮೊದಲು ಅರ್ಥ ಕೇಳಿದರೆ ಗದರುತ್ತಿದ್ದರು. ಪೂರ್ತಿ ಕೇಳು, ಅದೇ ಹೇಳುತ್ತದೆ ಎನ್ನುತ್ತಿದ್ದರು. ಬೆಕ್ಕನ್ನು ಎಲ್ಲರೂ ಬೈದಿದ್ದೆವು, ಯಾರೂ ಪೂರ್ತಿ ಕೇಳಿರಲಿಲ್ಲ.

ಯಜಮಾನಿ ದಿಂಬಿನಿಂದ ಇಳಿದು ಮೈ ಮುರಿದು ಟ್ರೇಯ ಕಡೆ ನಡೆಯಿತು. ಅಂಚಿಗೆ ಮೂಗಿಟ್ಟು, ಬೆಂಕಿ ತಾಗಿದ ಹಾಗೆ ಹಿಂದೆ ಸರಿಯಿತು. ಅಲ್ಲಿಂದ ನಾನು ಆಗಷ್ಟೇ ಒರೆಸಿದ್ದ ಹೊಸ್ತಿಲಿಗೆ ಬಂತು. ನೆಲ ಮೂಸಿತು, ಇನ್ನೊಮ್ಮೆ ಮೂಸಿತು. ಬಾಯಿ ಅರ್ಧ ತೆರೆದು, ಮೇಲ್ದುಟಿ ಎತ್ತಿ, ಯಾರದೋ ಕೆಟ್ಟ ಸುದ್ದಿ ಕೇಳಿದವರ ಮುಖ ಮಾಡಿ ಹಾಗೇ ನಿಂತಿತು. ತವರುಮನೆಯಲ್ಲಿ ನಾನು ಆ ಮುಖ ನೋಡಿದ್ದೆ. ಪರಬೆಕ್ಕೊಂದು ಗೋಡೆ ಹಾರಿ ಬಂದು ನಮ್ಮ ಅಂಗಳದಲ್ಲಿ ಉಚ್ಚೆ ಹೊಯ್ದು ಹೋದ ದಿನ ಇವಳು ಹೀಗೇ ನಿಂತಿದ್ದಳು. ಆಮೇಲೆ ಅದರ ಮೇಲೆ ತನ್ನದನ್ನು ಹೊಯ್ದು ಬಂದಿದ್ದಳು. ಈಗಲೂ ಅದನ್ನೇ ಮಾಡಿದಳು. ಸಿಟ್ಟಿಲ್ಲದೆ, ಕಳ್ಳತನವಿಲ್ಲದೆ, ನನ್ನ ಮುಖ ನೋಡುತ್ತಲೇ.

ನಾನು ಎದ್ದು ಹಿಂದಿನ ಕೋಣೆಗೆ ಹೋಗಿ ಹೊಸ ಕ್ಯಾನಿನ ಮುಚ್ಚಳ ಸ್ವಲ್ಪ ಸಡಿಲಿಸಿ ಅಕ್ಕನನ್ನು ಕರೆದೆ. ದೂರದಿಂದಲೇ ಮೂಸಿ ನೋಡಿ ಎಂದೆ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣೀರು ಒರೆಸಿಕೊಂಡು, ಇದು ಹಳೇ ಸಿನಿಮಾ ಥಿಯೇಟರಿನ ಕಕ್ಕಸು ಕಣೇ ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಹೊಳೆಯಿತು. ನಿಂಬೆಯ ಪರಿಮಳ ನಮಗೆ ಸಾಕು. ಅದರ ಅಡಿಯಲ್ಲಿ ಇರುವುದನ್ನು ಬೆಕ್ಕಿನ ಮೂಗು ಬಿಡುವುದಿಲ್ಲ. ದಿನಕ್ಕೆ ಮೂರು ಸಲ ನಾನೇ ಮನೆ ತುಂಬ ಪರಬೆಕ್ಕಿನ ಉಚ್ಚೆ ಬಳಿದ ಹಾಗಾಗಿತ್ತು. ಅಕ್ಕ ಡ್ರಮ್ಮಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಭಾನುವಾರ ಹತ್ತಿರವಿತ್ತು.

ರಾತ್ರಿ ಊಟಕ್ಕೆ ಕೂತಾಗ ನಾನು ಭಾವನಿಗೆ ಎಲ್ಲ ಹೇಳಿದೆ. ಅಷ್ಟು ಮಾತು ನನ್ನ ಬಾಯಿಂದ ಬಂದದ್ದಕ್ಕೇ ಅವರು ತುತ್ತು ಕೆಳಗಿಟ್ಟರು. ಒಪ್ಪಲಿಲ್ಲ. ಊರೆಲ್ಲ ಮೆಚ್ಚಿದ ಸರಕಿಗೆ ಒಂದು ಬೆಕ್ಕು ಹೆಸರಿಡುವುದೇ ಎಂದರು.

“ನಾಳೆ ಮನೆಯೆಲ್ಲ ಬರೀ ವಿನೆಗರ್ ನೀರಲ್ಲಿ ತೊಳೀತೀನಿ ಭಾವ,” ಎಂದೆ. “ನಿಮ್ಮ ಕುರ್ಚಿ ಕೆಳಗೆ ಮಾತ್ರ ನಮ್ಮ ದ್ರಾವಣ ಹಾಕ್ತೀನಿ. ನೀವೇ ಕೂತು ನೋಡಿ.”

“ನನ್ನ ಕುರ್ಚಿ ಕೆಳಗಾ? ಹಾಕು. ಯಜಮಾನಿಗೆ ಅಷ್ಟು ಧೈರ್ಯ ಇದ್ರೆ ಬರಲಿ.”

ನನ್ನವರಿಗೆ ನೆತ್ತಿಗೆ ಹತ್ತಿತು. ನೀರು ಕುಡಿದರು.

ಶನಿವಾರ ನಾನು ಹೊಸ್ತಿಲು, ಬೀರುವಿನ ಅಡಿ, ಮೂಲೆ ಮೂಲೆಗಳನ್ನು ವಿನೆಗರ್ ಬೆರೆಸಿದ ನೀರಿನಿಂದ ತೊಳೆದೆ, ಅಡುಗೆ ಸೋಡಾ ಉದುರಿಸಿ ಒಣಗಿಸಿ ಮತ್ತೆ ತೊಳೆದೆ. ಮ್ಯಾಟನ್ನು ಎಸೆದೆ. ಟ್ರೇಯನ್ನು ಬಿಸಿನೀರಿನಲ್ಲಷ್ಟೇ ತಿಕ್ಕಿ ಬಿಸಿಲಿಗಿಟ್ಟು ಹೊಸ ಮರಳು ತುಂಬಿಸಿದೆ. ಕೊನೆಗೆ ಭಾವನ ಕುರ್ಚಿಯ ಕೆಳಗೆ, ಅವರ ಕಣ್ಣೆದುರೇ, ಚೀಟಿ ಅಂಟಿಸಿದ ಬಾಟಲಿಯಿಂದ ಸುರಿದು ಒರೆಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕ ಒಳಗಿನಿಂದ ಬಂದು, ಹೆರಿಗೆ ಕೋಣೆಯಿಂದ ಸುದ್ದಿ ತಂದವರ ಹಾಗೆ, ಟ್ರೇಯಲ್ಲಿ ಆಗಿದೆ ಎಂದರು. ಭಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಇಳಿಹೊತ್ತಿಗೆ ಅವರು ಚಪ್ಪಲಿ ಕುರ್ಚಿಯ ಕೆಳಗೆ ಕಳಚಿಟ್ಟು ಕೂತು ನಾಳೆಯ ಸರಕಿನ ಮಾತಾಡುತ್ತಿದ್ದರು. ಯಜಮಾನಿ ಬಾಲ ನೆಟ್ಟಗೆ ಮಾಡಿಕೊಂಡು ಬಂತು. ಒಣಗಿದ ನಡುಮನೆಯನ್ನು ದಾಟಿತು, ಹೊಸ್ತಿಲನ್ನು ತಿರುಗಿಯೂ ನೋಡಲಿಲ್ಲ. ಕುರ್ಚಿಯ ಕೆಳಗೆ ನುಗ್ಗಿ ಮೂಸಿತು, ಬಾಯಿ ತೆರೆಯಿತು, ಕೂತಿತು. ಭಾವ ಮಾತು ನಿಲ್ಲಿಸಿದರು. ಒಂದು ಚಪ್ಪಲಿ ಪೂರ್ತಿ ಒದ್ದೆಯಾಗಿತ್ತು, ಇನ್ನೊಂದು ಉಳಿದಿತ್ತು. ನನ್ನವರು ಕೆಮ್ಮುತ್ತ ಅಂಗಳಕ್ಕೆ ಹೋದರು. ಕೆಮ್ಮು ಬಹಳ ಹೊತ್ತು ಕೇಳಿಸಿತು.

ಅಲ್ಲಿಗೆ ಮುಗಿಯಿತೆಂದು ನಾನು ಬೆಕ್ಕನ್ನು ಎತ್ತಿಕೊಂಡೆ. ಭಾವ ಬಾಗಿ ನೆಲ ಮೂಸಿ ಎದ್ದು ಕೂತರು. ಬೈಯುವ ದನಿಯಲ್ಲಿ ಅಲ್ಲ, ವ್ಯಾಪಾರದ ದನಿಯಲ್ಲಿ ಹೇಳಿದರು.

“ನೀನು ಹೇಳಿದ್ದು ಸರಿ. ಅದಕ್ಕೇ ಈಗಂತೂ ಇದನ್ನ ಇಟ್ಕೊಳ್ಳೋ ಹಾಗಿಲ್ಲ. ನೋಡಮ್ಮ, ಇದು ಪೇಟೇಲಿ ಗೊತ್ತಾದ್ರೆ ಬೆಕ್ಕಿರೋ ಒಂದು ಮನೆಯವರೂ ಬಾಟಲಿ ಮುಟ್ಟಲ್ಲ. ಬಂದ ವ್ಯಾಪಾರಿ ಮುಂದೆ ಹೀಗೆ ಮಾಡ್ತು ಅಂತ ಇಟ್ಕೋ, ನಾವು ನಾಲ್ಕು ಜನ ಏನು ತಿನ್ನೋಣ?”

ತಪ್ಪಿಲ್ಲ ಎಂದು ತೋರಿಸಿಕೊಟ್ಟ ಮೇಲೆಯೇ ಶಿಕ್ಷೆ ಗಟ್ಟಿಯಾಯಿತು. ಇಷ್ಟು ದಿನ ಅವಳು ಕೊಳಕಿ ಎಂದು ಹೊರಗೆ ಹಾಕುತ್ತಿದ್ದರು. ಈಗ ಅವಳು ನಿಜ ಹೇಳುತ್ತಾಳೆ ಎಂದು ಹಾಕುತ್ತಾರೆ. ನನ್ನವರು, ಹೇಗೂ ಒಂದು ಬೆಕ್ಕು ತಾನೇ, ಅಣ್ಣನ ಮಾತಿಗೂ ಬೆಲೆ ಇದೆ ಎಂದು ಸಮಾಧಾನ ಹೇಳಲು ನೋಡಿದರು. ನನ್ನ ಮಾತಿಗೆ ಇದ್ದ ಬೆಲೆ ಎಷ್ಟು ಎಂದು ಕೇಳಿದೆ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತೆ. ಬೆಕ್ಕನ್ನು ಉಳಿಸು ಎಂದು ಕೇಳಲಿಲ್ಲ. ಅದು ನನ್ನ ಕೆಲಸ. ನಾಲಿಗೆ ನಡುಗದಿರಲಿ ಎಂದಷ್ಟೇ ಕೇಳಿಕೊಂಡೆ.

ವ್ಯಾಪಾರಿ ದಪ್ಪಗಿನ, ಮಾತುಗಾರ ಮನುಷ್ಯ. ಬಂದವರೇ ನೆಲ ನೋಡಿ, ಈ ಸಲ ನಿಂಬೆ ವಾಸನೆ ಇಲ್ಲವಲ್ಲ ಎಂದರು. ಭಾವ ಮಾತು ಮರೆಸಿ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಪೆಟ್ಟಿಗೆಗಳನ್ನು ತೋರಿಸಿದರು. ತಿರುಗಿ ಬರುವಾಗ ವ್ಯಾಪಾರಿಯ ಕೈಯಲ್ಲಿ ಬೆಕ್ಕಿಗೆಂದು ತಂದ ಮುಚ್ಚಳದ ಬುಟ್ಟಿಯಿತ್ತು. ನಾನು ನಡುಮನೆಯ ಮಧ್ಯದಲ್ಲಿ ಕೂತಿದ್ದೆ, ಯಜಮಾನಿ ನನ್ನ ಮಡಿಲಲ್ಲಿ. ಒಳ್ಳೆ ಬೆಕ್ಕಿನ ಹಾಗೆ ಕಾಣುತ್ತದೆ, ಯಾಕೆ ಕೊಡುತ್ತಿದ್ದೀರಿ ಎಂದು ಅವರು ಕೇಳಿದರು. ಭಾವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

“ಕೊಡ್ತಾ ಇಲ್ಲ.”

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಭಾವ ನಕ್ಕು, ನಮ್ಮ ಮೌನಗೌರಿಗೆ ಸ್ವಲ್ಪ ಹಟ ಎಂದು ಬುಟ್ಟಿಗೆ ಕೈ ಹಾಕಿದರು. ನಾನು ವ್ಯಾಪಾರಿಯ ಮುಖ ನೋಡಿ, ನಮ್ಮ ದ್ರಾವಣದಲ್ಲಿ ಅಮೋನಿಯಾ ಇದೆ, ಬೆಕ್ಕಿಗೆ ಅದು ಬೇರೆ ಬೆಕ್ಕಿನ ಉಚ್ಚೆಯ ವಾಸನೆ, ಅದನ್ನು ಬಳಿದ ಕಡೆಯೆಲ್ಲ ಬೆಕ್ಕು ಹೊಯ್ಯುತ್ತದೆ, ಬೆಕ್ಕಿರುವ ಮನೆಗೆ ಇದನ್ನು ಮಾರಬೇಡಿ, ಇವಳು ಮಾಡಿದ ತಪ್ಪು ಅದನ್ನು ತೋರಿಸಿಕೊಟ್ಟದ್ದು ಮಾತ್ರ ಎಂದೆ. ನಾಲಿಗೆ ನಡುಗಲಿಲ್ಲ. ಕೈ ಬೆಕ್ಕಿನ ಬೆನ್ನ ಮೇಲೇ ಇತ್ತು.

ವ್ಯಾಪಾರಿ ನಗಲಿಲ್ಲ. ತಮ್ಮ ತಾಯಿಯ ಮನೆಯಲ್ಲೂ ಒಂದು ಬೆಕ್ಕಿದೆ, ತಾವೇ ಕೊಟ್ಟ ಬಾಟಲಿ ಅಲ್ಲಿದೆ, ಪಾಪ ಅದೂ ಕಂಡಲ್ಲಿ ಹೊಯ್ದು ಏಟು ತಿನ್ನುತ್ತಿದೆ ಎಂದು ಗೊಣಗಿಕೊಂಡರು. ಆಮೇಲೆ ಲೆಕ್ಕದ ಮನುಷ್ಯರಾಗಿ, ಭಾವನ ಕಡೆ ತಿರುಗಿ, ಅರ್ಧದಷ್ಟು ಪೆಟ್ಟಿಗೆ ಇಳಿಸಿ, ಮಿಕ್ಕದ್ದು ಆಮೇಲೆ ನೋಡೋಣ ಎಂದರು. ನನ್ನವರು ಅಷ್ಟರಲ್ಲಿ ವ್ಯಾನಿಗೆ ಏರಿಸಿದ್ದ ಪೆಟ್ಟಿಗೆಗಳಲ್ಲಿ ಅರ್ಧವನ್ನು ಇಳಿಸಿದರು. ಬುಟ್ಟಿ ಖಾಲಿಯೇ ಹೋಯಿತು.

ವ್ಯಾನಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಭಾವ ಬಂದು ಕುರ್ಚಿಯಲ್ಲಿ ಕೂತರು. ಅವರ ಮುಖ ಸುಟ್ಟ ಹಾಗಿತ್ತು.

“ಮನೆ ಅನ್ನಕ್ಕೆ ಕಲ್ಲು ಹಾಕಿದೆ. ಯಾರು ಕೊಟ್ರು ನಿನಗೆ ಈ ಅಧಿಕಾರ?”

“ಅನ್ನದ ಅರ್ಧ ಹೋಯ್ತು ಭಾವ, ಒಪ್ಪಿದೆ. ನಾನು ಇನ್ನೂ ಬಾಟಲಿ ತುಂಬ್ತೀನಿ, ಅಮೋನಿಯಾ ಇಲ್ಲದ ಹಳೇ ಅಳತೆ ಹಾಕಿ ಕೊಡಿ, ರಾತ್ರಿ ಹಗಲು ತುಂಬ್ತೀನಿ. ಆದ್ರೆ ಈ ನೆಲ ಒರೆಸೋದು ನಾನು. ಆ ನೀರು ಇನ್ನು ಇದನ್ನ ಮುಟ್ಟಲ್ಲ. ಬೆಕ್ಕನ್ನ ಕಳಿಸೋದಾದ್ರೆ ಪೊರಕೆ ಬಟ್ಟೆ ಬಕೆಟ್ ಎಲ್ಲಾ ಇಲ್ಲೇ ಇಟ್ಟು ನಾನೂ ಅದರ ಜೊತೆ ಹೋಗ್ತೀನಿ.”

ಭಾವ ತಮ್ಮನ ಕಡೆ ನೋಡಿದರು. ನನ್ನವರು ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಅವಳು ಹೋಗುವುದಾದರೆ ಕಲಕುವ ಕೋಲನ್ನೂ ಬೇರೆ ಯಾರಾದರೂ ಹಿಡಿಯಬೇಕಾಗುತ್ತದೆ ಎಂದರು. ದನಿ ಸಣ್ಣದಿತ್ತು, ಆದರೂ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಅಕ್ಕ ಒಳಗಿನಿಂದ, ಮಾತು ಮುಗಿದಿದ್ದರೆ ಊಟಕ್ಕೆ ಏಳಿ ಎಂದು ಕೂಗಿದರು.

ನಾನು ಏಳಲಿಲ್ಲ. ವ್ಯಾಪಾರಿಯ ಚಪ್ಪಲಿಯ ಮಣ್ಣು ನೆಲದ ತುಂಬ ಇತ್ತು. ಬಕೆಟ್ಟಿಗೆ ನೀರು ಹಿಡಿದು ವಿನೆಗರ್ ಹಾಕಿ ತಂದೆ. ಹೊಸ್ತಿಲಿನಿಂದ ಶುರುಮಾಡಿ ಒರೆಸುತ್ತ ಒರೆಸುತ್ತ ಭಾವನ ಕುರ್ಚಿಯ ತನಕ ಬಂದೆ. ಕಾಲೆತ್ತಿ ಎನ್ನಲಿಲ್ಲ, ಬಟ್ಟೆ ಹಿಂಡಿ ಕಾದೆ. ಭಾವ ಗೋಡೆ ನೋಡುತ್ತಿದ್ದರು. ಹಾಗೇ ಗೋಡೆ ನೋಡುತ್ತಲೇ ಎರಡೂ ಕಾಲು ಮೇಲೆತ್ತಿ ಹಿಡಿದರು. ನಾನು ಕುರ್ಚಿಯ ಕೆಳಗೆ, ಗೋಡೆಯ ತನಕ ಕೈ ಚಾಚಿ, ಚೊಕ್ಕಟವಾಗಿ ಒರೆಸಿದೆ.