ಗೋಧಿ ಬರುವ ದಾರಿ

ನಮ್ಮ ಮನೆಯಿಂದ ಗೋಧಿಯನ್ನು ಹೊರಗೆ ಹಾಕಿದವಳು ನಾನು. ಸೊಸೆಗೆ ಸೀಲಿಯಾಕ್ ಕಾಯಿಲೆ, ಗೋಧಿ, ಬಾರ್ಲಿ ಹೊಟ್ಟೆಗೆ ಹೋದರೆ ಅವಳ ಕರುಳು ಒಳಗೊಳಗೇ ಹಾಳಾಗುತ್ತದೆ, ಚಿಟಿಕೆಯಷ್ಟೂ ಆಗದು ಎಂದು ಡಾಕ್ಟರಮ್ಮ ಹೇಳಿದ ಸಂಜೆಯೇ ಹಿಟ್ಟಿನ ಡಬ್ಬ, ಬ್ರೆಡ್ಡು, ನೂಡಲ್ಸು ಎಲ್ಲವನ್ನೂ ಚೀಲಕ್ಕೆ ತುಂಬಿ ಮಹಡಿ ಮೇಲಿನವರಿಗೆ ಕೊಟ್ಟೆ. ಜರಡಿಯ ಸಂದಿಯಲ್ಲಿ, ಮರದ ಸೌಟಿನ ಬಿರುಕಿನಲ್ಲಿ ಹಿಟ್ಟು ಕೂತಿರುತ್ತದೆಂದು ಅವನ್ನೂ ಎಸೆದೆ. ಸಾಸ್ ಬಾಟಲಿಯ ಹಿಂದಿನ ಇರುವೆಯಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಲು ಕಲಿತೆ. ನನಗೆ ಬಿಸ್ಕತ್ತಿನ ಚಪಲ. ಅದನ್ನು ಬಾಲ್ಕನಿಯಲ್ಲಿ ನಿಂತು ತಿಂದು, ಬಾಯಿ ಮುಕ್ಕಳಿಸಿ, ಕೈ ತೊಳೆದು ಒಳಗೆ ಬರುತ್ತಿದ್ದೆ.

"ಏನತ್ತೆ, ಕದ್ದು ಸಿಗರೇಟು ಸೇದೋರ ಥರ!" ಎಂದು ಸೊಸೆ ನಗುತ್ತಿದ್ದಳು.

"ಈ ವಯಸ್ಸಲ್ಲಿ ನನ್ನನ್ನ ಕಳ್ಳಿ ಮಾಡಿಬಿಟ್ಟೆಯಲ್ಲೇ. ಒಂದು ಬಿಸ್ಕತ್ತು ತಿಂದ್ರೆ ನಿನ್ನ ಪ್ರಾಣ ಏನು ಹೋಗುತ್ತಾ? ಬಾ, ಅರ್ಧ ಕೊಡ್ತೀನಿ," ಅನ್ನುತ್ತಿದ್ದೆ. ಮಗನೂ ನಗುತ್ತಿದ್ದ. ತಮಾಷೆಯ ಮಾತು. ಆದರೆ ಮನೆಯಲ್ಲಿ ನೆಮ್ಮದಿ ಇದ್ದಾಗ ಆಡಿದ ಮಾತು ನೆಮ್ಮದಿ ಕೆಟ್ಟಾಗ ಬೇರೆಯದೇ ಆಗಿ ಕೇಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಅವಳು ಸುಧಾರಿಸಲಿಲ್ಲ. ಬಾಯಲ್ಲಿ ಹುಣ್ಣು, ಬಾಚಣಿಗೆ ತುಂಬ ಕೂದಲು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಉಬ್ಬಿಕೊಂಡೇ ಇತ್ತು. ಕೆಲಸದಿಂದ ಬಂದವಳು ಚಪ್ಪಲಿ ಬಿಡುವುದಕ್ಕೂ ಗೋಡೆ ಹಿಡಿಯುತ್ತಿದ್ದಳು. ಅವಳದು ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಮದುವೆಗೆ ಮೊದಲಿನಿಂದಲೂ ಅಲ್ಲೇ.

ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ಕಾಗದ ನೋಡಿ ತಲೆ ಎತ್ತಿದರು.

"ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗ್ತಾನೇ ಇದೆ. ಹೀಗೇ ಆದ್ರೆ ಕರುಳು ಮತ್ತೆ ಸರಿಹೋಗಲ್ಲ. ಕ್ಯಾನ್ಸರ್‌ವರೆಗೂ ಹೋಗಬಹುದು. ಮನೇಲಿ ಅಡುಗೆ ಯಾರದು?"

"ನನ್ನದೇ," ಎಂದೆ.

ಅವರು ಕಾಗದ ಮಡಚಿ ಸೊಸೆಯ ಕೈಗೆ ಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಸೊಸೆ ನನ್ನ ಪಕ್ಕದಲ್ಲೇ ಕೂತಳು. ಕೂತಮೇಲೆ ತೊಡೆಯ ಮೇಲಿದ್ದ ಚೀಲವನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು.

ಅಷ್ಟರಲ್ಲಿ ಬೈಂಡಿಂಗ್ ಅಂಗಡಿಗೆ ಸುಣ್ಣಬಣ್ಣ ಎಂದು ಅವಳಿಗೆ ಕೆಲವು ವಾರ ರಜೆ ಸಿಕ್ಕಿತು. ಹೇಗೂ ಅವಳು ಮನೆಯಲ್ಲಿರುತ್ತಾಳಲ್ಲ, ಒಲೆಯ ಚಿಂತೆಯಿಲ್ಲ ಎಂದು ನಾನು ತಂಗಿಯ ಮನೆಗೆ ಹೋದೆ. ರಜೆ ಮುಗಿದು ಅಂಗಡಿ ತೆರೆಯುವ ಹೊತ್ತಿಗೆ ವಾಪಸು ಬಂದು ಬಾಗಿಲು ಬಡಿದರೆ, ತೆರೆದವಳ ಮುಖದಲ್ಲಿ ರಕ್ತದ ಬಣ್ಣ ಕಂಡಿತು. ಹುಣ್ಣು ಒಣಗಿತ್ತು, ಧ್ವನಿಯಲ್ಲಿ ಕಸುವಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಿದ್ದೀಯೇ!" ಎಂದು ಕೆನ್ನೆ ಮುಟ್ಟಹೋದೆ. ಅವಳು ಹಿಂದೆ ಸರಿದಳು.

"ಹೌದತ್ತೆ," ಅಂದಳು, "ನೀವಿಲ್ಲದಿದ್ದಾಗ ಚೆನ್ನಾಗಿದ್ದೆ."

ವಾರ ತುಂಬುವಷ್ಟರಲ್ಲಿ, ಕೆಲಸದಿಂದ ಬಂದವಳು ಮತ್ತೆ ಹಾಸಿಗೆಗೇ ಬೀಳತೊಡಗಿದಳು. ಲೆಕ್ಕ ಹಾಕುವವರಿಗೆ ಇನ್ನೇನು ಬೇಕು? ನಾನು ಹೋದೆ, ಅವಳು ಎದ್ದಳು. ನಾನು ಬಂದೆ, ಅವಳು ಮಲಗಿದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅಡುಗೆ ಅವಳ ಕೈಗೆ ಹೋಯಿತು. ಏದುಸಿರು ಬಿಡುತ್ತ ತನ್ನ ಅನ್ನ, ತನ್ನ ತರಕಾರಿ ತಾನೇ ಬೇಯಿಸಿಕೊಂಡಳು. ಅಕ್ಕಿ, ಬೇಳೆ, ಉಪ್ಪು ಎಲ್ಲ ಡಬ್ಬಗಳ ಮುಚ್ಚಳಕ್ಕೂ ಬೈಂಡಿಂಗ್‌ನ ಕಪ್ಪು ಬಟ್ಟೆಟೇಪು ಸುತ್ತಿದಳು. ಟೇಪಿನ ತುದಿಯಿಂದ ಡಬ್ಬದ ಮೇಲಕ್ಕೆ ಹಾಯುವಂತೆ ಪೆನ್ನಿನಿಂದ ಸಣ್ಣ ಗೆರೆ. ಯಾರಾದರೂ ಬಿಚ್ಚಿ ಅಂಟಿಸಿದರೆ ಗೆರೆಯ ಎರಡು ತುಂಡು ಕೂಡುವುದಿಲ್ಲ. ಬೆಳಿಗ್ಗೆ ನಾನು ಕಾಫಿಗೆಂದು ಒಳಗೆ ಹೋದರೆ ಆ ಕಪ್ಪು ಕೊರಳುಗಳ ಡಬ್ಬಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ಸಕ್ಕರೆಗೆ ಕೈ ಹಾಕಿದರೆ ನನ್ನ ಕೈಯೇ ನನಗೆ ಅನುಮಾನದ್ದಾಗಿ ಕಾಣುತ್ತಿತ್ತು.

ಆದರೂ ಅವಳು ಇಳಿಯುತ್ತಲೇ ಹೋದಳು. ಟೇಪು ಹಾಗೇ ಇತ್ತು, ಗೆರೆ ಕೂಡಿಯೇ ಇತ್ತು. ಹಾಗಾದರೆ ಗೋಧಿ ಬರುತ್ತಿರುವುದು ಎಲ್ಲಿಂದ? ಈ ಪ್ರಶ್ನೆ ನನ್ನನ್ನು ತಿನ್ನುತ್ತಿತ್ತು. ಅವಳಿಗೆ ಪ್ರಶ್ನೆಯೇ ಇರಲಿಲ್ಲ; ನಾನು ಟೇಪಿಗಿಂತ ಜಾಣೆ ಎಂದುಕೊಂಡಳು, ಅಷ್ಟೆ.

ಒಂದು ಬೆಳಿಗ್ಗೆ ಮಗ ನನ್ನ ಎದುರು ಕೂತು ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದ.

"ಅಮ್ಮಾ, ಸ್ವಲ್ಪ ದಿನ ಚಿಕ್ಕಮ್ಮನ ಮನೇಲಿ ಇರ್ತೀಯಾ?"

"ನಾನು ಅವಳಿಗೆ ಗೋಧಿ ಹಾಕ್ತಿದ್ದೀನಿ ಅಂತ ನೀನೂ ಅಂದ್ಕೊಂಡಿದ್ದೀಯಾ?"

"ಬೇಕು ಅಂತ ಅಲ್ಲಮ್ಮ. ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿಸೋಣ ಅಂತ ಏನಾದ್ರೂ... ನೀನೇ ಅಂತಿದ್ದೆಯಲ್ಲ, ಒಂದು ಬಿಸ್ಕತ್ತು ತಿಂದ್ರೆ ಪ್ರಾಣ ಹೋಗುತ್ತಾ ಅಂತ."

"ಅದು ತಮಾಷೆ ಕಣೋ."

"ಅವಳಿಗೆ ಈಗ ತಮಾಷೆ ಅನ್ನಿಸ್ತಿಲ್ಲಮ್ಮ. ಸಂಜೆ ಬಸ್ಸಿಗೆ ನಾನೇ ಹತ್ತಿಸ್ತೀನಿ."

ಅವನು ಕೆಲಸಕ್ಕೆ ಹೋದ. ಬಟ್ಟೆ ಜೋಡಿಸಲು ಎದ್ದವಳು ನೋಡಿದರೆ, ಆಗಲೇ ಅಂಗಡಿಗೆ ಹೋಗಿದ್ದ ಸೊಸೆಯ ಊಟದ ಡಬ್ಬಿ ಟೇಬಲ್ಲಿನ ಮೇಲೆಯೇ ಇತ್ತು. ಹೊರಗೆ ಎಲ್ಲೂ ಏನೂ ತಿನ್ನುವ ಹಾಗಿಲ್ಲ, ಹಸಿದೇ ಇರುತ್ತಾಳೆ. ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಡಬ್ಬಿ ಎತ್ತಿಕೊಂಡೆ. ಅದಕ್ಕೂ ಟೇಪು ಸುತ್ತಿತ್ತು.

ಅಂಗಡಿ ಕಡಿದಾದ ಮೆಟ್ಟಿಲುಗಳ ಮೇಲೆ. ಬಾಗಿಲ ಬಳಿಯೇ ಒಲೆ, ಅದರ ಮೇಲೆ ದೊಡ್ಡ ಪಾತ್ರೆ. ಅಂಗಡಿಯ ಯಜಮಾನರು ಕೋಲು ಹಿಡಿದು ತಿರುವುತ್ತಿದ್ದರು. ಗಂಜಿಯ ವಾಸನೆ ಬಡಿಯಿತು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಮೈದಾ ಅಂಟು, ಕೈ ಬಿಟ್ರೆ ಗಂಟಾಗುತ್ತೆ," ಎಂದರು. "ಹುಳ ಹಿಡೀಬಾರ್ದು ಅಂತ ಮೈಲುತುತ್ತದ ವಿಷ ಹಾಕ್ತಾರಲ್ಲ, ನಾವು ಅದೇನೂ ಹಾಕಲ್ಲ. ಜಿರಲೆಗೆ ಹಬ್ಬ, ಆದ್ರೆ ನಮ್ಮ ಹುಡುಗೀರ ಕೈ ಸುಡಲ್ಲ ನೋಡಿ."

ಸೊಸೆ ಕಿಟಕಿಯ ಬಳಿ ಕೂತಿದ್ದಳು, ಬೆನ್ನು ನನ್ನ ಕಡೆಗೆ. ಮೊಣಕೈವರೆಗೆ ಅಂಟು. ಬೆರಳಲ್ಲಿ ಅಂಟು ಎತ್ತಿ ಪುಸ್ತಕದ ಬೆನ್ನಿಗೆ ಸವರಿದಳು, ಅಂಗೈಯಿಂದ ಒತ್ತಿದಳು, ಬಟ್ಟೆಗೆ ಕೈ ಉಜ್ಜಿದಳು. ಆಮೇಲೆ ಮುಂದಿನ ಕಟ್ಟನ್ನು ಎಳೆದುಕೊಂಡು ಹಾಳೆ ಎಣಿಸಲು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದಳು. ಹಾಳೆ ತಿರುವಿದಳು. ಮತ್ತೆ ನಾಲಿಗೆಗೆ. ಮತ್ತೆ ಹಾಳೆ. ಮಷೀನಿನ ಹಾಗೆ.

ಅದೇ ಬೆರಳಿಗೆ ಮೈದಾ ಅಂಟಿತ್ತು.

"ಬೆರಳು!" ಎಂದು ಕೂಗಿದೆ. "ಬೆರಳು ನೆಕ್ಕಬೇಡ ಕಣೇ!"

ಅವಳು ಬೆಚ್ಚಿ ತಿರುಗಿದಳು. ಮೊದಲು ಕಂಡದ್ದು ನನ್ನ ಕೈಯಲ್ಲಿದ್ದ ಡಬ್ಬಿ.

"ಅದನ್ನ ಯಾಕೆ ಮುಟ್ಟಿದ್ರಿ?"

"ಡಬ್ಬಿ ಹಾಳಾಗಿ ಹೋಗಲಿ. ಆ ಅಂಟು ಮೈದಾ ತಾನೆ? ಮೈದಾ ಅಂದ್ರೆ ಗೋಧಿ ತಾನೆ? ದಿನವೆಲ್ಲಾ ಅದನ್ನ ತಿಂತಾ ಕೂತಿದ್ದೀಯಲ್ಲೇ!"

"ನಾನು ಅಂಟು ತಿಂತೀನಾ?" ಅವಳು ನಕ್ಕಳು. ಆ ನಗು ನನಗೆ ಸೇರಲಿಲ್ಲ. "ಮುಟ್ಟಿದ್ರೆ ಏನೂ ಆಗಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ. ಊಟಕ್ಕೆ ಮುಂಚೆ ಸೋಪು ಹಾಕಿ ತೊಳೀತೀನಿ."

"ಎಣಿಸುವಾಗ ನೆಕ್ತೀಯಲ್ಲ!"

"ನಾನು ಬೆರಳು ನೆಕ್ಕಲ್ಲ ಅತ್ತೆ. ಹತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ತಾನು ರೆಪ್ಪೆ ಬಡಿಯುವುದು ಯಾರಿಗೆ ತಿಳಿಯುತ್ತದೆ? ಇದೂ ಹಾಗೇ. ನಾನು ಯಜಮಾನರ ಕಡೆ ನೋಡಿದೆ. ಅವರಿಗೆ ಇದು ಅತ್ತೆ ಸೊಸೆಯ ಜಗಳ. ಪಾತ್ರೆಯೊಳಕ್ಕೇ ಕಣ್ಣಿಟ್ಟು ಕೋಲು ತಿರುವಿದರು. ನಾನು ಮುಂದೆ ಹೋಗಿ ಅವಳ ಕೈ ಹಿಡಿದೆ, ತೋರಿಸೋಣವೆಂದು.

ಅವಳು ಕೊಡವಿಕೊಂಡಳು. ಕೂತಲ್ಲೇ ಗೋಡೆಯವರೆಗೂ ಸರಿದಳು.

"ಸಂಜೆ ಹೊರಡಬೇಕಲ್ಲ ಅನ್ನೋ ಕೋಪಕ್ಕೆ ಇಲ್ಲಿಗೂ ಬಂದ್ರಾ? ಈಗ ನನ್ನ ಕೆಲಸಾನೂ ಬಿಡಿಸ್ಬೇಕಾ?"

"ನಾನು ಹೋಗ್ತೀನಿ, ಇವತ್ತೇ ಹೋಗ್ತೀನಿ. ಎಣಿಸೋಕೆ ಒಂದು ಬಟ್ಟಲು ನೀರು ಇಟ್ಕೊ. ಅಷ್ಟು ಸಾಕು."

"ನೀರು. ಯಾರು ತಂದಿಡ್ತಾರೆ, ನೀವಾ?"

ಡಬ್ಬಿಯನ್ನು ಕಾಲಿನಿಂದ ದೂರ ತಳ್ಳಿದಳು. ಫೋನು ತೆಗೆದು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ರೀ, ನಿಮ್ಮಮ್ಮ ಅಂಗಡಿಗೇ ಬಂದಿದ್ದಾರೆ. ಬಂದು ಕರ್ಕೊಂಡು ಹೋಗ್ರೀ. ನನಗೆ ಭಯ ಆಗ್ತಿದೆ."

ಮಾತಾಡುತ್ತಿದ್ದಂತೆಯೇ ಅವಳ ಕೈಗಳು ತಾವಾಗಿ ಕಟ್ಟಿನ ಕಡೆ ಹೋದವು. ಹೆಬ್ಬೆರಳಿನ ಮೇಲೆ ಒಣಗಿದ ಅಂಟು ಬಿಳಿಯ ಸಿಪ್ಪೆಯಂತೆ ಎದ್ದಿತ್ತು. ಆ ಬೆರಳು ಮೆಲ್ಲಗೆ ತುಟಿಗೆ ಏರಿತು, ಹಾಳೆಗೆ ಇಳಿಯಿತು, ಮತ್ತೆ ಏರಿತು.