ಪಕ್ಕದ ಮೇಜಿನ ಬೆರಳು

ವರ್ನಾ ಕೋಳಿಯ ತುಂಡು ಬಡಿಸುತ್ತಿದ್ದಾಗಲೇ ಬ್ಯೂಫರ್ಡ್ ತಟ್ಟೆ ಹಿಡಿದುಕೊಂಡು ಕತೆ ಶುರುಮಾಡಿಬಿಟ್ಟ. ಗವರ್ನರ್ ಸಾಹೇಬರು ಬರುವುದು ತಡವಾಯಿತೆಂದು ಚರ್ಚಿನ ಹಜಾರದಲ್ಲಿ ಮಣ್ಣು ಮಾಡುವ ಮೊದಲೇ ಊಟ ಇಟ್ಟಿದ್ದರು. ಒಳಗೆ ಪೆಟ್ಟಿಗೆಯಲ್ಲಿ ವರ್ನಾಳ ತಮ್ಮ, ಮೂವತ್ತೆಂಟು ವರ್ಷ ಶಾಸಕನಾಗಿದ್ದ ಹಾರ್ಲನ್ ಟೀಗ್, ಹೊಸ ಸೂಟಿನಲ್ಲಿ ಮಲಗಿದ್ದ. ಶಾಸನಸಭೆಯಲ್ಲಿ ಅಷ್ಟೂ ವರ್ಷ ಅವನ ಪಕ್ಕದ ಮೇಜು ಬ್ಯೂಫರ್ಡನದು.

"ಒಂದು ಮತಾನೂ ತಪ್ಪಿಸಿಲ್ಲ ಅಂತ ಪಾದ್ರಿಗಳು ಹೊಗಳಿದ್ರಲ್ಲ, ಅದರಲ್ಲಿ ಅರ್ಧ ನನ್ನ ಬೆರಳು ಕಣಕ್ಕಾ! ನಮ್ಮಲ್ಲಿ ಅದು ರೂಢಿ. ಅವನು ಎದ್ದುಹೋದ್ರೆ ಅವನ ಮೇಜಿನ ಮತದ ಗುಂಡಿ ನಾನು ಒತ್ತೋದು, ನಾನು ಹೋದ್ರೆ ಅವನು. ನಿಮ್ಮೂರ ಆಸ್ಪತ್ರೆ ಮಸೂದೆ ದಿನ ಪುಣ್ಯಾತ್ಮ ಮೀನು ಹಿಡಿಯೋಕೆ ಹೋಗಿದ್ದ. ನಾನು ತೂಕಡಿಸ್ತಾ ಎರಡೂ ಮೇಜಿಂದು ಹಸಿರು ಒತ್ತಿಬಿಟ್ಟೆ!"

"ಹಸಿರು ಅಂದ್ರೆ?"

"ಮುಚ್ಚಿ ಅಂತ." ಅವನ ನಗು ಅರ್ಧಕ್ಕೇ ನಿಂತಿತು. "ಯಾಕಕ್ಕಾ, ಅವನು ಹೇಳಿರಲಿಲ್ವಾ?"

*

ಆಸ್ಪತ್ರೆ ಮುಚ್ಚಿದ್ದು ಒಂದೇ ಮತದಿಂದ. ಮರುವರ್ಷ ಗಂಡ ಡೆಲ್‌ಗೆ ಎದೆನೋವು ಬಂದಾಗ ವರ್ನಾ ಅವನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಲ್ಯಾಂಬರ್ಟ್ ಆಸ್ಪತ್ರೆಗೆ ಓಡಿಸಿದ್ದಳು. ಅರವತ್ತೆರಡು ಮೈಲಿ. ನಲವತ್ತನೆಯ ಮೈಲಿಯಲ್ಲಿ ಅವನು ಉಸಿರು ಬಿಟ್ಟ.

"ನಾನು ಕೆಂಪೇ ಒತ್ತಿದ್ದೆ ಅಕ್ಕಾ, ಯಂತ್ರ ಕೈಕೊಡ್ತು," ಎಂದು ಹಾರ್ಲನ್ ಅವಳ ಹೆಗಲ ಮೇಲೆ ಬಿದ್ದು ಅತ್ತಿದ್ದ. ಅವಳು ನಂಬಿದಳು. ಹತ್ತೊಂಬತ್ತು ವರ್ಷ ಅವನಿಗಾಗಿ ಮತ ಕೇಳುತ್ತ ಮನೆಮನೆಯ ಬಾಗಿಲು ತಟ್ಟಿದಳು. "ಮಾವ ನಮ್ಮನ್ನ ಮಾರ್ಕೊಂಡ" ಎಂದ ಹೆತ್ತ ಮಗಳ ಜೊತೆಗೇ ಮಾತು ಬಿಟ್ಟಳು.

*

ವರ್ನಾ ಬ್ಯೂಫರ್ಡನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

"ಮೀನು ಸಿಕ್ತಾ?"

"ಏನಕ್ಕಾ?"

"ಅವತ್ತು ಅವನಿಗೆ ಮೀನು ಸಿಕ್ತಾ ಅಂದೆ."

"ಬಿಡಕ್ಕಾ, ಸತ್ತವನ ಮೇಲೆ ಎಂಥ ಸಿಟ್ಟು."

"ಬದುಕಿರೋ ನಿನ್ನ ಮೇಲೂ ಇದೆ. ತಿನ್ನು, ಆರೋಗುತ್ತೆ."

ಗವರ್ನರ್ ಬಂದ ಮೇಲೆ ಜನ ಪೆಟ್ಟಿಗೆ ಎತ್ತಿದರು. ಹಾರ್ಲನ್‌ಗೆ ಹೆಂಡತಿ ಮಕ್ಕಳಿರಲಿಲ್ಲ. ಮನೆಯ ಹಿರಿಯಳೆಂದು ವರ್ನಾ ಶವದ ವಾಹನದಲ್ಲಿ ಚಾಲಕ ಓಟಿಸ್‌ನ ಪಕ್ಕ ಕೂತಳು.

"ಬಲಕ್ಕೆ ತಿರುಗಿಸು."

"ಸ್ಮಶಾನ ಎಡಕ್ಕಲ್ವಾ ಅಮ್ಮಾ?"

"ಲ್ಯಾಂಬರ್ಟ್ ಆಸ್ಪತ್ರೆಗೆ ನಡಿ."

ಓಟಿಸ್ ಬ್ರೇಕ್ ಒತ್ತಿದ. "ಸಾಹೇಬ್ರು ತೀರ್ಕೊಂಡಿದ್ದಾರಲ್ಲಮ್ಮಾ."

"ಡೆಲ್ ಬದುಕಿದ್ದ. ನಡಿ ಅಂದೆನಲ್ಲ!"

ಹಗಲಲ್ಲೇ ದೀಪ ಹಚ್ಚಿಕೊಂಡ ಕಪ್ಪು ಕಾರುಗಳೆಲ್ಲ ಕುರಿಗಳ ಹಾಗೆ ಹಿಂದೆ ಬಂದವು. ಶವದ ವಾಹನವನ್ನು ಹಿಂದೆ ಹಾಕಿ ಹೋಗುವ ಧೈರ್ಯ ಗವರ್ನರಿಗೂ ಇರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ, ನಲವತ್ತನೆಯ ಮೈಲಿಯಲ್ಲಿ, ವರ್ನಾ "ಇಲ್ಲಿ ನಿಲ್ಲಿಸು" ಎಂದಳು.

ಬ್ಯೂಫರ್ಡ್ ಏದುಸಿರು ಬಿಡುತ್ತ ಓಡಿಬಂದ. "ಇಲ್ಲೇನಿದೆ ಅಕ್ಕಾ?"

"ಏನೂ ಇಲ್ಲ. ಅವತ್ತೂ ಏನೂ ಇರಲಿಲ್ಲ."

ಅವಳು ಬೇಲಿಯ ಪಕ್ಕ ನಿಂತಳು. ಎರಡೂ ಕಡೆ ಕಣ್ಣು ಹರಿಯುವವರೆಗೂ ಹತ್ತಿಯ ಹೊಲ. ಸೂಟು ತೊಟ್ಟ ಶಾಸಕರು ಒಬ್ಬೊಬ್ಬರೇ ಕಾರಿನಿಂದಿಳಿದು, ಬಿಸಿಲಿಗೆ ಕೈ ಅಡ್ಡ ಹಿಡಿದು, ಹತ್ತಿರದಲ್ಲಿ ಊರೇನಾದರೂ ಕಾಣುತ್ತದೆಯೇ ಎಂದು ಹುಡುಕತೊಡಗಿದರು.